ಒಬ್ಬನೇ ಎಲ್ಲ ಫೈಟ್ ಮುಗಿಸ್ತಿದ್ರೆ ಡಿಎಂ ಎಂತ ಮಾಡ್ಬೇಕು

ಮಂಗ್ಳೂರು, ಮಣಿಪಾಲ ಕಡೆ ಹೊಸದಾಗಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಉರುಳಿಸಿ ಕಥೆ ಆಡುವ ಆಟ) ಆಡಿಸ್ಲಿಕ್ಕೆ ಶುರು ಮಾಡಿದವ್ರು, ಅಂದ್ರೆ ಕಥೆ, ಮಾನ್‌ಸ್ಟರ್ ಎಲ್ಲ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಆದವ್ರು, ಹೆಚ್ಚಾಗಿ ಕೇಳುದು ಒಂದೇ, ಪಾರ್ಟಿ (ಆಟಗಾರರ ತಂಡ) ಭಾರೀ ಸ್ಟ್ರಾಂಗ್ ಆಗಿದೆ, ಮಾನ್‌ಸ್ಟರ್‌ಗಳು ಎರಡು ರೌಂಡಲ್ಲಿ ಸಾಯ್ತವೆ, ಎಂತ ಮಾಡುದು ಅಂತ. ನಾಲ್ಕೂ ಜನ ಸ್ಟ್ರಾಂಗ್ ಇದ್ರೆ ತಲೆಬಿಸಿ ಬೇಡ ಮಾರ್ರೆ, ಇನ್ನೆರಡು ಓಗ್ರ್ (ದೈತ್ಯ ಮಾನ್‌ಸ್ಟರ್) ಸೇರಿಸಿ, ಆಯ್ತು. ತಲೆಬಿಸಿ ಮಾಡ್ಬೇಕಾದ್ದು ನಾಲ್ಕರಲ್ಲಿ ಒಬ್ಬ ಮಾತ್ರ ಭಾರೀ ಸ್ಟ್ರಾಂಗ್ ಆಗಿ ಉಳಿದ ಮೂವರು ಅವನ ಟರ್ನ್ ಮುಗಿಯುವವರೆಗೆ ಫೋನ್ ಒತ್ತಿಕೊಂಡು ಕೂತಾಗ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಬ್ಬನ ಎಸಿ (ಆರ್ಮರ್ ಕ್ಲಾಸ್, ಪೆಟ್ಟು ತಾಗ್ಲಿಕ್ಕೆ ಎದುರಾಳಿಗೆ ಬರ್ಬೇಕಾದ ಸಂಖ್ಯೆ) 22, ಇನ್ನೊಬ್ಬನದ್ದು 14. ಅಟ್ಯಾಕ್‌ಗೆ +4 ಇರುವ ಗಾಬ್ಲಿನ್ ಮೊದಲನೆಯವನಿಗೆ ತಾಗ್ಬೇಕಾದ್ರೆ ಡಿ20 ಯಲ್ಲಿ, ಅಂದ್ರೆ 20 ಮುಖದ ದಾಳದಲ್ಲಿ, 18 ಬೇಕು (18+4=22), ಅಂದ್ರೆ 15% ಚಾನ್ಸ್, ಎರಡನೆಯವನಿಗೆ 55%. ಇವನಿಗೆ ಏನೂ ತಾಗುದೇ ಇಲ್ಲ ಅಂತ ನೀವು +9 ಇರುವ ಮಾನ್‌ಸ್ಟರ್ ತಂದ್ರಿ ಅಂತಿಟ್ಕೊಳ್ಳಿ, ಆಗ ಎಸಿ 22 ರವನಿಗೆ 40% ಆಯ್ತು, ಆದ್ರೆ ಎಸಿ 14 ರ ಪಾಪದವನಿಗೆ 80%! ಸ್ಟ್ರಾಂಗ್ ಇದ್ದವನನ್ನ ಹೆದರಿಸ್ಲಿಕ್ಕೆ ಹೋಗಿ ವೀಕ್ ಇದ್ದವನನ್ನೇ ಮೊದಲು ಮಲಗಿಸಿದ ಹಾಗಾಯ್ತು. ಕಂಬಳದಲ್ಲಿ ನೇಗಿಲು ಕಿರಿಯ ವಿಭಾಗದ ಕೋಣದ ಜೋಡಿಯನ್ನ ಹಗ್ಗ ಹಿರಿಯ ವಿಭಾಗದ ಜೋಡಿ ಎದುರು ಕರೆಗೆ (ಓಡುವ ಗದ್ದೆಗೆ) ಇಳಿಸ್ಲಿಕ್ಕಿಲ್ಲ ಅಲ್ವಾ, ವಿಭಾಗ ಬೇರೆ ಮಾಡಿಯೇ ಓಡಿಸುದು. ನಮ್ಮ ಟೇಬಲಲ್ಲಿ ಬೇರೆ ವಿಭಾಗ ಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಎಲ್ಲರನ್ನೂ ಒಂದೇ ಮಟ್ಟದಲ್ಲಿ ಇಡುವ ಕೆಲಸ ಕ್ಯಾರೆಕ್ಟರ್ ಮಾಡುವಾಗಲೇ ಶುರು ಆಗ್ಬೇಕು.

ಅದಕ್ಕೆ ಮೊದಲ ದಿನವೇ ಯಾವ ಯಾವ ರೂಲ್ ಬುಕ್ ಬಳಸ್ಲಿಕ್ಕೆ ಉಂಟು ಅಂತ ಹೇಳಿ ಬಿಡಿ. ಹೊಸ ಬುಕ್ ಬಂದಾಗ ಅದರಲ್ಲಿ ಇರುವುದು ಹಳೇದಕ್ಕಿಂತ ಆಸೆ ಹುಟ್ಟಿಸ್ಬೇಕು, ಇಲ್ಲದಿದ್ರೆ ಯಾರು ತಗೊಳ್ತಾರೆ, ಹಾಗೆ ಸ್ವಲ್ಪ ಸ್ವಲ್ಪವೇ ಪವರ್ ಏರ್ತಾ ಹೋಗ್ತದೆ, ಪವರ್ ಕ್ರೀಪ್ ಅಂದ್ರೆ ಇದೇ. 2020 ರ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್‌ನಲ್ಲಿ ಬಂದ ಟ್ವೈಲೈಟ್ ಕ್ಲೆರಿಕ್ (ದೇವರ ಶಕ್ತಿ ಬಳಸುವ ಒಂದು ಪಾತ್ರ) ನೋಡಿ. ಚಾನೆಲ್ ಡಿವಿನಿಟಿ ಅನ್ನುವ ಶಕ್ತಿ ಒಂದು ಸಲ ಬಳಸಿದ್ರೆ ಒಂದು ನಿಮಿಷ ಸುತ್ತ 30 ಅಡಿಯೊಳಗೆ ಟರ್ನ್ ಮುಗಿಸಿದ ಪ್ರತಿ ಒಬ್ಬನಿಗೂ 1ಡಿ6 (ಆರು ಮುಖದ ಒಂದು ದಾಳ) ಪ್ಲಸ್ ಕ್ಲೆರಿಕ್ ಲೆವೆಲ್ ಟೆಂಪರರಿ ಎಚ್‌ಪಿ (ಪೆಟ್ಟು ತಡ್ಕೊಳ್ಳುವ ತಾತ್ಕಾಲಿಕ ಜೀವಬಲ) ಕೊಡ್ಲಿಕ್ಕಾಗ್ತದೆ. 5ನೇ ಲೆವೆಲಲ್ಲಿ ಸರಾಸರಿ 8.5, ನಾಲ್ಕು ಜನಕ್ಕೆ ರೌಂಡಿಗೆ 34. ಒಂದರ ಮೇಲೊಂದು ಸೇರುದಿಲ್ಲ ನಿಜ, ಆದ್ರೆ ಪೆಟ್ಟು ಬಿದ್ದ ಹಾಗೆ ತುಂಬ್ತಾ ಇರ್ತದೆ. ಇದನ್ನ ನಾನು ನನ್ನ ಟೇಬಲಲ್ಲಿ ಆಡ್ಲಿಕ್ಕೆ ಬಿಡುದಿಲ್ಲ, ಬಿಟ್ರೆ ಸಣ್ಣ ಪೆಟ್ಟು ಕೊಡುವ ಮಾನ್‌ಸ್ಟರ್‌ಗಳೆಲ್ಲ ದಂಡ. ಹಾಗೇ 2014 ರ ರೂಲ್ಸ್ ಮತ್ತು 2024 ರ ರೂಲ್ಸ್ ಅರ್ಧರ್ಧ ಮಿಕ್ಸ್ ಮಾಡ್ಬೇಡಿ, ಗಾಯ ವಾಸಿ ಮಾಡುವ ಮಂತ್ರ ಕ್ಯೂರ್ ವೂಂಡ್ಸ್ ಹಳೇದರಲ್ಲಿ 1ಡಿ8 ಇದ್ದದ್ದು ಹೊಸದರಲ್ಲಿ 2ಡಿ8, ಹೀಗೆ ಒಂದೊಂದೇ ವ್ಯತ್ಯಾಸ ಸೇರಿ ದೊಡ್ಡದಾಗ್ತದೆ.

ಮತ್ತೆ ಮ್ಯಾಜಿಕ್ ಐಟಮ್, ಇಲ್ಲಿ ಡಿಎಂ ತಾನೇ ಪವರ್ ಕ್ರೀಪ್ ತರುದು. ಅಟ್ಯಾಕ್ +5, ಡ್ಯಾಮೇಜ್ 1ಡಿ8+3, ಎದುರು ಎಸಿ 15 ಅಂದ್ರೆ ಕ್ರಿಟಿಕಲ್ (20 ಬಿದ್ರೆ ಸಿಗುವ ಹೆಚ್ಚಿನ ಪೆಟ್ಟು) ಬಿಟ್ಟು ಒಂದು ಹೊಡೆತಕ್ಕೆ ಸರಾಸರಿ ಸುಮಾರು 4.1. +1 ಕತ್ತಿ ಕೊಟ್ರೆ 5.1, +3 ಕತ್ತಿ ಕೊಟ್ರೆ 7.35, ಅಂದ್ರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರಿಕೆ. ಎಸಿಯಲ್ಲಿ ಇನ್ನೂ ಜಾಗ್ರತೆ ಬೇಕು, ಮೇಲೆ ಹೋದ ಹಾಗೆ ಪ್ರತಿ +1 ರ ಬೆಲೆ ಏರ್ತದೆ, ಅದೇ ಗಾಬ್ಲಿನ್ ಎದುರು 16 ರಿಂದ 18 ಕ್ಕೆ ಹೋದ್ರೆ 45% ಇದ್ದದ್ದು 35% ಆಗ್ತದೆ, 20 ರಿಂದ 22 ಕ್ಕೆ ಹೋದ್ರೆ 25% ಇದ್ದದ್ದು 15%, ಅಂದ್ರೆ ಬೀಳುವ ಪೆಟ್ಟಿನಲ್ಲಿ 40% ಕಮ್ಮಿ. ಹಾಗಾಗಿ ಒಳ್ಳೆ ಶೀಲ್ಡ್ ಸಿಕ್ಕಿದ್ರೆ ಅದು ಮೊದಲೇ ಪ್ಲೇಟ್ (ಲೋಹದ ಗಟ್ಟಿ ಕವಚ) ಹಾಕಿದವನ ಕೈಗೆ ಹೋಗುವ ಹಾಗೆ ಇಡ್ಬೇಡಿ.

ಆಗ್ಲೇ ತಪ್ಪಿ ಹೋಗಿದ್ರೆ? ಕೊಟ್ಟದ್ದನ್ನ ಕಿತ್ಕೊಳ್ಬೇಡಿ, ಅದು ಭಾರೀ ಬೇಜಾರಿನ ವಿಷಯ, ಉಳಿದ ಮೂವರನ್ನ ಮೇಲೆ ಎತ್ತಿ. ಮುಂದಿನ ಐಟಮ್ ಅವ್ರ ಕ್ಲಾಸಿಗೆ (ಫೈಟರ್, ವಿಜಾರ್ಡ್ ಥರದ ಪಾತ್ರದ ವಿಧ) ಮಾತ್ರ ಉಪಯೋಗ ಆಗುವಂಥದ್ದು ಇಡಿ. ಫೈಟಲ್ಲಿ ಸೇವಿಂಗ್ ಥ್ರೋ (ಮಂತ್ರದಿಂದ ತಪ್ಪಿಸ್ಕೊಳ್ಲಿಕ್ಕೆ ಉರುಳಿಸುವ ದಾಳ, ಇದರಲ್ಲಿ ಎಸಿ ಲೆಕ್ಕಕ್ಕಿಲ್ಲ) ತನ್ನಿ, ಎಸಿ 22 ಇದ್ರೂ ವಿಸ್ಡಮ್ ಸೇವ್ +0 ಇದ್ದವನು ಡಿಸಿ 13 ರ, ಅಂದ್ರೆ ಕನಿಷ್ಠ 13 ಬರ್ಬೇಕಾದ, ಹೋಲ್ಡ್ ಪರ್ಸನ್‌ಗೆ (ಅಲುಗಾಡದ ಹಾಗೆ ಮಾಡುವ ಮಂತ್ರ) 60% ಸಲ ಬೀಳ್ತಾನೆ, ಆಗ ಅವನನ್ನ ಬಿಡಿಸ್ಲಿಕ್ಕೆ ಬೇರೆಯವ್ರು ಬೇಕಾಗ್ತದೆ. ಪ್ರತಿ ಸಲ ಅವನಿಗೇ ಗುರಿ ಇಟ್ರೆ ಮಾತ್ರ ಶಿಕ್ಷೆ ಕೊಟ್ಟ ಹಾಗೆ ಕಾಣ್ತದೆ. ರೂಲ್ ಬದಲಾಯಿಸ್ಲೇಬೇಕು ಅಂತಾದ್ರೆ ಎಲ್ಲರೆದುರು ಹೇಳ್ಬೇಡಿ, ಬೇರೆ ದಿನ ಒಂದು ಚಾ ಕುಡೀತಾ ಮಾತಾಡಿ, ಕ್ಯಾರೆಕ್ಟರ್ ಪೂರ್ತಿ ಹೊಸದಾಗಿ ಕಟ್ಲಿಕ್ಕೆ ಬಿಡಿ.

ರೆಸ್ಟ್ ಒಂದು ನೋಡ್ಕೊಳ್ಳಿ. 2014 ರ ಡಿಎಂ ಗೈಡ್ ಲೆಕ್ಕ ಹಾಕಿದ್ದು ಎರಡು ಲಾಂಗ್ ರೆಸ್ಟ್ (ಖರ್ಚಾದ ಶಕ್ತಿ ವಾಪಸ್ ಬರುವ ದೀರ್ಘ ವಿಶ್ರಾಂತಿ) ಮಧ್ಯೆ ಆರರಿಂದ ಎಂಟು ಎನ್‌ಕೌಂಟರ್ ಅಂತ. ನಮ್ಮ ಭಾನುವಾರದ ಸೆಷನಲ್ಲಿ ಆಗುದು ಒಂದೋ ಎರಡೋ, ಹಾಗಾಗಿ ವಿಜಾರ್ಡ್ ಎಲ್ಲ ಸ್ಲಾಟ್ (ಮಂತ್ರ ಹಾಕ್ಲಿಕ್ಕೆ ಇರುವ ಲೆಕ್ಕದ ಅವಕಾಶ) ಒಂದೇ ಫೈಟಿಗೆ ಸುರೀತಾನೆ, ಫೈಟರ್ ಬಾಯಿ ಬಿಟ್ಕೊಂಡು ನೋಡ್ತಾನೆ. ಲಾಂಗ್ ರೆಸ್ಟ್ ಊರಿಗೆ ಮುಟ್ಟಿದ್ರೆ ಮಾತ್ರ, ಅಂತ ಮೊದಲೇ ಒಪ್ಪಿಸಿ, ಬೇಕಾದ್ರೆ ಎರಡು ಮೂರು ಸೆಷನ್ ಸೇರಿ ಕಥೆಯ ಒಂದೇ ದಿನ ಆಗ್ಲಿ. ಹೈ ಲೆವೆಲ್ ಬ್ಯಾಲೆನ್ಸ್ ಬಗ್ಗೆ ಇಲ್ಲಿ ಹೇಳ್ಲಿಕ್ಕೆ ಹೋಗುದಿಲ್ಲ, ಸೆಮಿಸ್ಟರ್ ಮುಗಿದ ಕೂಡ್ಲೇ ಟೇಬಲ್ ಚದುರುವ ಊರಲ್ಲಿ ಅಲ್ಲಿವರೆಗೆ ಮುಟ್ಟುವ ಕ್ಯಾಂಪೇನ್ ಕಮ್ಮಿ.

ಸೆಷನ್ ಮುಗಿದ ರಾತ್ರಿಯೇ ಯಾರ ಟರ್ನ್‌ನಿಂದ ಕಥೆ ತಿರುಗಿತು ಅಂತ ಪುಸ್ತಕದಲ್ಲಿ ಹೆಸರು ಬರ್ದಿಡಿ, ಸತತ ಎರಡು ಸೆಷನ್ ಒಬ್ಬರ ಹೆಸರು ಬರ್ಲಿಲ್ಲ ಅಂತಾದ್ರೆ ಮೂರನೇದನ್ನ ಅವ್ರ ಕ್ಯಾರೆಕ್ಟರ್ ಶೀಟ್ ಎದುರಿಟ್ಕೊಂಡು ತಯಾರು ಮಾಡಿ.