70 ಅಕ್ಷರದಲ್ಲಿ ಅಕ್ಕಿ ಮಾರಿದ್ದು

ನಮ್ಮದು ಗಂಗಾವತಿಯಲ್ಲಿ ಅಕ್ಕಿ ಅಂಗಡಿ. ಇಲ್ಲಿ ಅಕ್ಕಿ ಮಾರೋಕೆ ಮೆಸೇಜ್ ಯಾಕೆ, ಓಣಿಗೊಂದು ಅಂಗಡಿ ಇದೆಯಲ್ಲ ಅಂತ ನಮ್ಮ ಮಾವ ನಗುತ್ತಿದ್ದರು. ಈಗ ತಿಂಗಳು ಹುಟ್ಟಿದರೆ "ಮೆಸೇಜ್ ಬಿಟ್ಟಿಯೇನಪ್ಪಾ?" ಅಂತ ಅವರೇ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಬ್ಬ ಏಜೆನ್ಸಿಯವರು ಬರೆದುಕೊಟ್ಟ ಮೆಸೇಜ್ "ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಶುರುವಾಗಿ ಹಬ್ಬದ ಶುಭಾಶಯದಲ್ಲಿ ಮುಗಿಯುತ್ತಿತ್ತು. ದರವೇ ಇಲ್ಲ! ಕನ್ನಡ ಎಸ್ಸೆಮ್ಮೆಸ್ 70 ಅಕ್ಷರ ದಾಟಿದರೆ ಎರಡು ಮೆಸೇಜ್, ಮೂರು ಮೆಸೇಜ್ ಅಂತ ಬಿಲ್ ಏರುತ್ತದೆ. ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಅಕ್ಷರ ಅಂತಲೇ ಲೆಕ್ಕ. "ಅಕ್ಕಿ" ಒಂದಕ್ಕೇ ಐದು ಹೋಗುತ್ತದೆ. ಎರಡು ಸಾವಿರದಷ್ಟು ನಂಬರಿಗೆ 1,200 ರೂಪಾಯಿ ಆಸುಪಾಸು ಸುರಿದರೆ ಬಂದ ಫೋನು ನಾಲ್ಕೈದು, ಅದರಲ್ಲೊಬ್ಬರು ಉದ್ರಿ ಕೇಳೋಕೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಒಂದು ಮೆಸೇಜಿಗೆ 160 ಅಕ್ಷರ ಸಿಗುತ್ತದೆ ಅಂತ ಅದನ್ನೂ ನೋಡಿದೆ. ಹುಡುಗರು ಓದಿದರು. ಆದರೆ ಮನೆಗೆ ಯಾವ ಅಕ್ಕಿ ಅಂತ ಹೇಳೋದು ಅವರಲ್ಲ ಅಲ್ವಾ? ವಾಟ್ಸಾಪ್ ಬ್ರಾಡ್‌ಕಾಸ್ಟ್ ಪುಕ್ಕಟೆ, ಆದರೆ ಲಿಸ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಸೇವ್ ಮಾಡಿಸೋಕೆ ನನ್ನದೊಂದು ಉಪಾಯ ಇದೆ, ಅದು ಇಲ್ಲಿ ಬೇಡ.

ಗಲ್ಲಾದಲ್ಲಿ ಕೂತಾಗ ಹೆಣ್ಣುಮಕ್ಕಳು ಕೇಳೋದು ಒಂದೇ: ಹಳೇದಾ, ಅನ್ನ ಅಂಟಲ್ಲ ತಾನೇ? ಅದನ್ನೇ ಎತ್ತಿಕೊಂಡೆ.

"ಹಳೆ ಸೋನಾ, 26 ಕೆಜಿ 1450. ಅನ್ನ ಅಂಟಲ್ಲ. ಅಂಟಿದ್ರೆ ಚೀಲ ವಾಪಸ್."

ಅಂಗಡಿ ಹೆಸರು ಸೇರಿ 70ರೊಳಗೆ. ಅರ್ಧ ಮಾಲು ವಾಪಸ್ ಬರುತ್ತದೆ ಅಂದರು ಮಾವ. ಬಂದಿದ್ದು ಎರಡೋ ಮೂರೋ ಚೀಲ, ದೋಸೆಗೆ ಅಂತ ಬಿಡಿಯಾಗಿ ಮಾರಿದೆ. ಮೆಸೇಜಿನ ಖರ್ಚು 400 ಚಿಲ್ಲರೆ. ಆ ವಾರ 40-50 ಚೀಲ ಹೋಯಿತು, ಚೀಲಕ್ಕೆ 60 ರೂಪಾಯಿ ಲಾಭ ಹಿಡಿದರೂ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಮಜಾ. 2022ರ ಜುಲೈನಿಂದ 25 ಕೆಜಿವರೆಗಿನ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂತಲ್ಲ, ಅದು ತಪ್ಪಲಿ ಅಂತ ಆಮೇಲೆ 26 ಕೆಜಿ ಚೀಲ ಶುರುವಾಯಿತು. ನಮಗೆ ಅದು ಹಳೇ ಸುದ್ದಿ, ಆದರೆ ಇಲ್ಲಿಗೆ ವರ್ಗವಾಗಿ ಬಂದ ನೌಕರರು "26 ಯಾಕೆ?" ಅಂತ ಫೋನ್ ಮಾಡುತ್ತಾರೆ. ಮಾಡಲಿ ಅಂತಲೇ ನಾನು ಮೆಸೇಜಿನಲ್ಲಿ ಬಿಡಿಸಿ ಹೇಳಲ್ಲ. ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಜನ ಚೀಲ ಒಯ್ಯುತ್ತಾರೆ.

ಮೆಸೇಜಿನ ಟೆಂಪ್ಲೇಟಿಗೆ, ಅಂದರೆ ಮಾದರಿಗೆ, ಮೊಬೈಲ್ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ದರ ಬದಲಾದಾಗಲೆಲ್ಲ ಹೊಸದು ಹಾಕುತ್ತಾ ಕೂರಬೇಡಿ, ದರದ ಜಾಗ ಖಾಲಿ ಬಿಟ್ಟೇ ಒಪ್ಪಿಗೆ ತಗೊಳ್ಳಿ. ಪ್ರಚಾರದ ಎಸ್ಸೆಮ್ಮೆಸ್ ಬೆಳಗ್ಗೆ 10ರಿಂದ ರಾತ್ರಿ 9ರೊಳಗೇ ಹೋಗೋದು. ಅದರಲ್ಲಿ ನಾನು ಯಾವ ವಾರ, ಎಷ್ಟು ಹೊತ್ತಿಗೆ ಬಿಡುತ್ತೇನೆ ಅಂತ ಕೇಳಬೇಡಿ, ಎದುರಿನ ಅಂಗಡಿಯವರೂ ಓದುತ್ತಾರೆ!

ಈಗ ಜೋಳಕ್ಕೆ ಬರೆಯುತ್ತಿದ್ದೇನೆ. ಜೋಳದ ಗಿರಾಕಿ ಬೇರೆ, ಅವರಿಗೆ ರೊಟ್ಟಿ ಬಡಿಯುವಾಗ ಹರಿಯುತ್ತದೋ ಇಲ್ಲವೋ ಅನ್ನೋದೇ ಮುಖ್ಯ. ಇನ್ನೂ 90ರ ಹತ್ತಿರ ನಿಂತಿದೆ.