ಒಗ್ಗರಣೆ ಮಂಡಕ್ಕಿ, ಮಿರ್ಚಿ: ನನ್ನ ಕೈಗೆ ಹತ್ತಿದ್ದು ಹೀಗೆ

ಅತ್ತಿಗೆಯ ತವರಿನವರು ಮೈಸೂರಿನಿಂದ ಬಂದಿದ್ದ ದಿನ ನಾನು ಮಾಡಿದ ಒಗ್ಗರಣೆ ಮಂಡಕ್ಕಿ ಮುದ್ದೆಯಾಗಿತ್ತು. ಹಿಂದಿನ ದಿನ ಎಲ್ಲರಿಗೂ ಬೆಣ್ಣೆದೋಸೆ ತಿನ್ನಿಸಿದ್ದೆವು. ಬೆಳಗ್ಗೆ ದಾವಣಗೆರೆಯ ಇನ್ನೊಂದು ರುಚಿ ತೋರಿಸೋಣ ಅಂತ ನಾನೇ ಒಲೆ ಮುಂದೆ ನಿಂತೆ. ಮಂಡಕ್ಕಿಯನ್ನು ನೀರಿಗೆ ಸುರಿದು ಈರುಳ್ಳಿ ಹೆಚ್ಚುತ್ತಾ ಕೂತೆ. ಹೆಚ್ಚಿ ಮುಗಿಸುವಷ್ಟರಲ್ಲಿ ಪಾತ್ರೆಯಲ್ಲಿ ಗಂಜಿಯಂಥದ್ದು ಏನೋ ಇತ್ತು. ಬಂದವರು ಒಳ್ಳೆಯವರು, ಮಾತಾಡದೆ ತಿಂದರು. ನನಗೆ ಮಾತ್ರ ಆ ದಿನವೆಲ್ಲ ಸಮಾಧಾನವಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿಗಳ ಊರಲ್ಲಿ ಹುಟ್ಟಿ ಬೆಳೆದು ಮಂಡಕ್ಕಿಯೇ ಕೈಗೆ ಹತ್ತಿಲ್ಲ ಅಂದ್ರೆ ಹೇಗೆ?

ಅವ್ವನನ್ನು ಕೇಳಿದರೆ ಲೆಕ್ಕ ಸಿಗುತ್ತಿರಲಿಲ್ಲ. "ಕೈಗೇ ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದಳು. ಹಾಗಾಗಿ ಬೆಳಗಿನ ತಿಂಡಿಗೆ ಆಗಾಗ ಹೋಗುತ್ತಿದ್ದ ಒಂದು ಸಣ್ಣ ಹೋಟೆಲ್‌ನಲ್ಲಿ ತಟ್ಟೆ ಹಿಡಿದು ಒಲೆಯ ಪಕ್ಕವೇ ನಿಲ್ಲತೊಡಗಿದೆ. ಅಲ್ಲಿ ಒಗ್ಗರಣೆ ಹಾಕುವ ಅಕ್ಕ ಮೂರನೇ ದಿನ ತಾನೇ ಮಾತಾಡಿಸಿದಳು. "ಏನವ್ವಾ, ದಿನಾ ನನ್ನ ಕೈನೇ ನೋಡ್ತೀಯಲ್ಲ?" ನನ್ನ ಮುದ್ದೆಯ ಕಥೆ ಹೇಳಿದೆ. "ಮಂಡಕ್ಕಿ ನೀರಿಗೆ ಹಾಕಿ ಬೇರೆ ಕೆಲಸ ನೋಡ್ಬಾರದು. ಒಗ್ಗರಣೆ ರೆಡಿ ಆದ್ಮೇಲೇ ನೀರು ಮುಟ್ಟಿಸು" ಅಂದಳು.

ಈ ಮಾತು ಪೂರ್ತಿ ಅರ್ಥವಾಗಿದ್ದು ಭಟ್ಟಿ ನೋಡಿದ ಮೇಲೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಹಾಕಿ ಕೈಯಾಡಿಸುತ್ತಾರೆ. ಕಾಳಿನ ಒಳಗಿನ ತೇವ ಒಮ್ಮೆಗೇ ಆವಿಯಾಗಿ, ಹೊರಗೆ ಬರಲು ದಾರಿ ಮಾಡಿಕೊಳ್ಳುವಾಗ ಅಕ್ಕಿ ಉಬ್ಬುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಆಗುವ ಕೆಲಸ ಅದು. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆ ಬಿಸಿಯ ಮುಂದೆ ದಿನವಿಡೀ ನಿಂತವರ ಮುಖ ನೋಡಿದ ಮೇಲೆ ನಾನು ಒಂದು ಹಿಡಿ ಮಂಡಕ್ಕಿಯನ್ನೂ ಚೆಲ್ಲಿಲ್ಲ. ಕಾಳಿನ ಒಳಗೆಲ್ಲ ಬರೀ ಗಾಳಿ, ಸಣ್ಣ ಸಣ್ಣ ತೂತು. ನೀರು ನುಗ್ಗಲು ಎಷ್ಟು ಹೊತ್ತು ಬೇಕು? ಉಪ್ಪು ಮೊದಲೇ ಇರುತ್ತದೆ ಅನ್ನುವುದೂ ಅಲ್ಲೇ ತಿಳಿಯಿತು. ಒಗ್ಗರಣೆಗೆ ಉಪ್ಪು ಹಾಕುವಾಗ ಈಗ ಕೈ ಹಿಡಿಯುತ್ತೇನೆ.

ನಾಲ್ಕು ಜನರಿಗೆ ನಾನು 250 ಗ್ರಾಂ ಮಂಡಕ್ಕಿ ತೆಗೆದುಕೊಳ್ಳುತ್ತೇನೆ. ಅಳತೆ ನೋಡಿ ಜಾಸ್ತಿ ಅನ್ನಿಸಬಹುದು, ನೆನೆದರೆ ಇಳಿದುಹೋಗುತ್ತದೆ. ಮೊದಲು ಬಾಣಲೆಯಲ್ಲಿ ಐದು ಚಮಚ ಎಣ್ಣೆ. ಶೇಂಗಾ ಹುರಿದು ತೆಗೆದಿಟ್ಟು, ಅದೇ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಸೀಳಿದ ಐದಾರು ಹಸಿಮೆಣಸಿನಕಾಯಿ, ಎರಡು ದೊಡ್ಡ ಈರುಳ್ಳಿ. ಈರುಳ್ಳಿ ಕೆಂಪಾಗಬಾರದು, ಮೆತ್ತಗಾದರೆ ಸಾಕು. ಒಂದು ಟೊಮೆಟೊ, ಅರ್ಧ ಚಮಚ ಅರಿಶಿನ, ಸ್ವಲ್ಪ ಹುಣಸೆ ರಸ. ರಸದ ಹಸಿ ವಾಸನೆ ಹೋಗುವವರೆಗೆ ಕುದಿಸಿ ಉರಿ ಸಣ್ಣ ಮಾಡುತ್ತೇನೆ.

ಈಗ ಮಂಡಕ್ಕಿ. ಅಗಲ ಪಾತ್ರೆಯಲ್ಲಿ ತಣ್ಣೀರು. ಎರಡು ಹಿಡಿ ಹಾಕಿ, ಒಮ್ಮೆ ಮುಳುಗಿಸಿ, ತಕ್ಷಣ ಎತ್ತಿ ಹಿಂಡಿ ತೂತಿನ ಬುಟ್ಟಿಗೆ. ಮತ್ತೆ ಎರಡು ಹಿಡಿ. ಒಟ್ಟಿಗೆ ಎಲ್ಲ ಸುರಿಯುವ ಆಸೆ ಬೇಡ. ಹಿಂಡುವಾಗ ಜಜ್ಜಬಾರದು, ಒಗೆದ ರೇಷ್ಮೆ ಸೀರೆ ಹಿಂಡುವ ಹಾಗೆ ಮೆಲ್ಲಗೆ. ಹೊಸ ಮಂಡಕ್ಕಿ ಗರಿಗರಿಯಾಗಿದ್ದರೆ ಒಂದೆರಡು ಕ್ಷಣ ಜಾಸ್ತಿ ತಡೆಯುತ್ತದೆ. ಮಳೆಗಾಲದಲ್ಲಿ ಮೊದಲೇ ಮೆತ್ತಗಾಗಿದ್ದರೆ ನೀರು ಚಿಮುಕಿಸಿದರೂ ಸಾಕು.

ಬಾಣಲೆಗೆ ಹಾಕಿ ಕೆಳಗಿನಿಂದ ಮೇಲಕ್ಕೆ ಎತ್ತೆತ್ತಿ ಕಲಸುತ್ತೇನೆ. ಕೊನೆಗೆ ನಾಲ್ಕು ಚಮಚ ಪುಟಾಣಿ (ಹುರಿಗಡಲೆ) ಪುಡಿ. ಇದನ್ನು ಬರೀ ರುಚಿಗೆ ಅಂದುಕೊಂಡಿದ್ದೆ. ಉಳಿದ ನೀರನ್ನೆಲ್ಲ ಅದೇ ಹೀರಿಕೊಂಡು ಕಾಳು ಕಾಳು ಬಿಡಿಸುತ್ತದೆ. ಅದಕ್ಕೇ ಪುಡಿ ಕೊನೆಗೆ. ಮೊದಲೇ ಹಾಕಿದರೆ ಅಂಟಂಟು. ಹುರಿದಿಟ್ಟ ಶೇಂಗಾ, ಕೊತ್ತಂಬರಿ ಸೊಪ್ಪು ಮೇಲೆ.

ಮಿರ್ಚಿಗೆ, ಅಂದರೆ ಮೆಣಸಿನಕಾಯಿ ಬಜ್ಜಿಗೆ, ನಾನು ಆರಿಸುವುದು ತಿಳಿ ಹಸಿರಿನ ಉದ್ದ ಮೆಣಸಿನಕಾಯಿ. ಸೀಳಿ, ಜೀರಿಗೆ, ಉಪ್ಪು, ಹುಣಸೆಹಣ್ಣು ಅರೆದು ಒಳಗೆ ಸವರುತ್ತೇನೆ. ಖಾರ ಕಡಿಮೆ ಬೇಕಾದವರು ಒಳಗಿನ ಬಿಳಿ ಭಾಗ ತೆಗೆಯಬೇಕು. ಖಾರ ಇರುವುದು ಅಲ್ಲಿ, ಬರೀ ಬೀಜ ಉದುರಿಸಿದರೆ ಆಗಲ್ಲ. ಕಾಲು ಕೆಜಿ ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಅಂಗೈಯಲ್ಲಿ ಉಜ್ಜಿದ ಅಜವಾನ, ಉಪ್ಪು, ಎರಡು ಚಮಚ ಕಾದ ಎಣ್ಣೆ. ಸೋಡಾ ಚಿಟಿಕೆ ಮಾತ್ರ. ನಾನು ಒಂದು ಕಾಲಕ್ಕೆ ಉಬ್ಬಲಿ ಅಂತ ಧಾರಾಳವಾಗಿ ಹಾಕಿ, ಎಣ್ಣೆ ಕುಡಿದ ಮಿರ್ಚಿಗಳನ್ನು ಮಾಡಿಟ್ಟಿದ್ದೆ. ಉಬ್ಬು ಬರಬೇಕಾದರೆ ಹಿಟ್ಟನ್ನು ಐದು ನಿಮಿಷ ಕೈಯಲ್ಲಿ ಚೆನ್ನಾಗಿ ಬಡಿದು ಗಾಳಿ ಹಿಡಿಸಬೇಕು. ಹಿಟ್ಟಿನ ಹನಿ ಎಣ್ಣೆಯಲ್ಲಿ ಮುಳುಗಿ ಕೂಡಲೇ ಮೇಲೆ ಬಂದರೆ ಕಾವು ಸರಿ ಇದೆ.

ಇಷ್ಟಾದರೂ ಗಾಡಿಯ ಮಿರ್ಚಿ ಗಾಡಿಯದೇ. ಬಹಳ ದಿನ ಕಡಲೆಹಿಟ್ಟಿನ ಮೇಲೆ ಅನುಮಾನ ಪಟ್ಟೆ, ಹಿಟ್ಟು ಬದಲಿಸಿದೆ. ಕೊನೆಗೆ ಗೊತ್ತಾಗಿದ್ದು ಬಾಣಲೆಯ ವಿಷಯ. ಅವರದು ದೊಡ್ಡ ಬಾಣಲೆ, ತುಂಬ ಎಣ್ಣೆ. ಹತ್ತು ಮಿರ್ಚಿ ಬಿಟ್ಟರೂ ಕಾವು ಇಳಿಯಲ್ಲ. ನಮ್ಮ ಮನೆಯ ಪುಟ್ಟ ಬಾಣಲೆಗೆ ಆರು ಬಿಟ್ಟರೆ ಎಣ್ಣೆ ತಣ್ಣಗಾಗಿ ಹಿಟ್ಟು ಎಣ್ಣೆ ಕುಡಿಯುತ್ತದೆ. ಈಗ ಒಂದು ಸಲಕ್ಕೆ ಮೂರೇ ಮೂರು. ಗಾಡಿಯವರು ಮಾಡುವಂತೆ ಮೊದಲು ಅರ್ಧ ಕರಿದಿಟ್ಟು, ತಿನ್ನುವ ಹೊತ್ತಿಗೆ ಮತ್ತೊಮ್ಮೆ ಜೋರು ಕಾವಿನಲ್ಲಿ ಕರಿಯುತ್ತೇನೆ. ಹೊರಗೆ ಗರಿ, ಒಳಗೆ ಮೆಣಸಿನಕಾಯಿ ಬೆಂದು ಮೆತ್ತಗೆ.

ಚೀಲದಲ್ಲಿ ಉಳಿದ ಮಂಡಕ್ಕಿ ದೋಸೆಗೆ ಅಕ್ಕಿ, ಉದ್ದಿನಬೇಳೆ ರುಬ್ಬುವಾಗ ಹೋಗುತ್ತದೆ. ಬೆಣ್ಣೆದೋಸೆ ಮೆತ್ತಗಿರುವುದು ಬೆಣ್ಣೆಯಿಂದ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹಿಟ್ಟಿಗೆ ಸೇರಿದ ಮಂಡಕ್ಕಿಗೂ ಅದರಲ್ಲಿ ದೊಡ್ಡ ಪಾಲಿದೆ. ಅದನ್ನು ಮನೆಯಲ್ಲಿ ಸರಿಯಾಗಿ ಹುಯ್ಯುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.

ಕಳೆದ ತಿಂಗಳು ಮೈಸೂರಿನವರು ಮತ್ತೆ ಬಂದಿದ್ದರು. ಈ ಸಲ ಈರುಳ್ಳಿ ಮೊದಲೇ ಹೆಚ್ಚಿಟ್ಟಿದ್ದೆ.