ತೊಟ್ಟಿಮನೆಗೆ ದೇಣಿಗೆ: ಮೊದಲು ಕಾಗದ, ಆಮೇಲೆ ಹೆಂಚು

ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಿ ಬಂದವರಿಗೆ ‘ನಮ್ಮೂರಿನ ಹಳೇ ಮನೆಯನ್ನೂ ಹೀಗೆ ಉಳಿಸಿ ಶಾಲೆ ಮಕ್ಕಳಿಗೆ ತೋರಿಸಬಹುದಲ್ಲ’ ಅನ್ನಿಸುವುದುಂಟು. ಖಂಡಿತ ಉಳಿಸಬಹುದು. ಆದರೆ ದುಡ್ಡು ಕೊಡುವವರು ಮೊದಲು ಕೇಳುವುದು ಮನೆಗೆ ಎಷ್ಟು ವರ್ಷವಾಯಿತು ಎಂದಲ್ಲ, ಅದು ಯಾರ ಹೆಸರಲ್ಲಿದೆ ಎಂದು.

ಹಾಗಾಗಿ ಮೊದಲ ಹೆಜ್ಜೆ ವಂಶವೃಕ್ಷ. ಹಿಸ್ಸೆಯಾಗದ ಮನೆಯಾದರೆ ಪಾಲುದಾರರೆಲ್ಲರ ಸಹಿ ಬೇಕು. ಬೆಂಗಳೂರಿನಲ್ಲಿರುವ ಒಬ್ಬರ ಸಹಿ ತಪ್ಪಿದರೂ ಕಡತ ಅಲ್ಲೇ ನಿಲ್ಲುತ್ತದೆ. ಊರೊಳಗಿನ ಮನೆಗೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು, ತೋಟದ ನಡುವಿನ ಒಂಟಿಮನೆಗೆ ಪಹಣಿ ತೆಗೆಸಿಡಿ. ಆಮೇಲೆ ಟ್ರಸ್ಟ್ ನೋಂದಾಯಿಸಿ, ಮನೆಯನ್ನು ಅದಕ್ಕೆ ದಾನಪತ್ರದಿಂದಲೋ ದೀರ್ಘಾವಧಿ ಗುತ್ತಿಗೆಯಿಂದಲೋ ಬರೆದುಕೊಡಿ. ಎರಡೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ಬರೀ ಛಾಪಾ ಕಾಗದ ಸಾಲದು.

ಒಂದು ಭಾಗದಲ್ಲಿ ಮನೆಯವರು ವಾಸವಿದ್ದರೆ ನಕ್ಷೆಯಲ್ಲಿ ಅದನ್ನು ಬೇರೆ ಗುರುತಿಸಿ, ಅದರ ಖರ್ಚನ್ನೂ ಬೇರೆ ಇಡಿ. ದೇಣಿಗೆ ದುಡ್ಡಿನಲ್ಲಿ ಕುಟುಂಬದ ಬಚ್ಚಲಿಗೆ ಟೈಲ್ಸ್ ಬಿದ್ದರೆ ಟ್ರಸ್ಟಿನ ತೆರಿಗೆ ವಿನಾಯಿತಿಗೇ ಕುತ್ತು.

ಜನ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುವ ಎರಡು ತೆರಿಗೆ ನೋಂದಣಿಗಳಿಲ್ಲದೆ ದೊಡ್ಡ ದೇಣಿಗೆ ಬರುವುದಿಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕೊಟ್ಟವರಿಗೆ ರಿಯಾಯಿತಿ ಸಿಗದು. ಚೆಕ್ ಅಥವಾ ಆನ್‌ಲೈನ್ ಪಾವತಿಯನ್ನೇ ಕೇಳಿ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಸೇರಿದೆ. ತೊಡಕೆಂದರೆ, ಹಣ ಪಡೆಯುವ ಇಂಥ ಸಾರ್ವಜನಿಕ ಟ್ರಸ್ಟಿಗೆ ಇಂಥ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ನಿನ್ನೆ ಹುಟ್ಟಿದ ಟ್ರಸ್ಟ್ ಹಳೆಯದೊಂದರ ಜೊತೆ ಒಪ್ಪಂದ ಮಾಡಿಕೊಳ್ಳುವುದೇ ಜಾಣತನ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಪಂಚಾಂಗದಲ್ಲಿ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ಮಳೆ ಜೂನ್‌ಗೆ ಹಿಡಿಯುತ್ತದೆ. ವರ್ಷದ ಕೊನೆಗೆ ಹಣ ಬಂತೆಂದು ಏಪ್ರಿಲ್‌ನಲ್ಲಿ ಹೆಂಚು ಇಳಿಸಿದರೆ, ತೀರ್ಥಹಳ್ಳಿ, ಹೊಸನಗರದ ಕಡೆ ಮಣ್ಣಿನ ಗೋಡೆ ಬತ್ತಲೆ ನಿಂತು ನೆನೆಯುತ್ತದೆ. ಅರ್ಜಿಯನ್ನು ಮಳೆಗಾಲಕ್ಕೆ ಮುಂಚೆಯೇ ಕೊಟ್ಟು, ಮೊದಲ ಕಂತು ದೀಪಾವಳಿ ಹೊತ್ತಿಗೆ ಕೈಸೇರುವಂತೆ ಕೇಳಿ. ಮೊದಲ ಕಂತು ಮಾಡಿಗೇ, ಅಂದರೆ ಛಾವಣಿಗೇ ಹೋಗಬೇಕು. ಬಾಗಿಲ ಕೆತ್ತನೆಗೆ ಬಣ್ಣ ಬಳಿದರೆ ಫೋಟೊ ಚೆನ್ನಾಗಿ ಬರುತ್ತದೆ ನಿಜ, ಸೋರುವುದು ನಿಲ್ಲುವುದಿಲ್ಲ.

ಅಂದಾಜುಪಟ್ಟಿ ಬರೆಯುವಾಗ ನೆಲದ ಅಳತೆಯನ್ನಲ್ಲ, ಮಾಡಿನ ಇಳಿಜಾರಿನ ಅಳತೆಯನ್ನು ಹಿಡಿಯಿರಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. 200 ಚದರ ಮೀಟರ್ ಮಾಡಿಗೆ 3,000, ಒಡೆಯುವುದಕ್ಕೆಂದು ಇನ್ನೂ 300. ಹಳೆಯ ಹೆಂಚಿನಲ್ಲಿ ಮತ್ತೆ ಬಳಕೆಗೆ ಬರುವುದನ್ನು ಎಣಿಸಿ ಕಳೆಯಿರಿ. ಮರದ ಲೆಕ್ಕ ಮಾತ್ರ ಮೊದಲೇ ಸಿಕ್ಕುವುದಿಲ್ಲ. ಹೆಂಚು ತೆಗೆದ ಮೇಲೆಯೇ ಪಕಾಸಿನ (ಮಾಡಿನ ಇಳಿಜಾರು ಮರ) ತುದಿ, ಗೋಡೆಯೊಳಗೆ ಕೂತ ತೊಲೆಯ ತಲೆ ಒರಲೆ ತಿಂದಿರುವುದು ಕಾಣುವುದು. ಅದಕ್ಕಾಗಿ ಒಟ್ಟು ಮೊತ್ತದ ಶೇ 15ರಿಂದ 20 ಭಾಗವನ್ನು ‘ಅನಿರೀಕ್ಷಿತ’ ಎಂದು ತೋರಿಸಿ. ಕೆಡವಿದ ಮನೆಗಳ ಹಳೇ ಮರ ಸಿಕ್ಕರೆ ಒಳ್ಳೆಯದು. ಕೊಂಡ ಬಿಲ್, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಎರಡನ್ನೂ ಕಡತದಲ್ಲಿಡಿ.

ಗಿಲಾವಿಗೆ ‘ಸುಣ್ಣದ ಗಾರೆ’ ಎಂದು ಪಟ್ಟಿಯಲ್ಲೇ ಬರೆಸಿ. ಬರೀ ‘ಗಿಲಾವು’ ಎಂದರೆ ಗುತ್ತಿಗೆದಾರ ಸಿಮೆಂಟ್ ಮೆತ್ತುತ್ತಾನೆ. ಮಣ್ಣಿನ ಗೋಡೆ ಹೀರಿದ ತೇವ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿದು, ಕೆಲವೇ ಮಳೆಗಾಲದಲ್ಲಿ ಗೋಡೆ ಉಬ್ಬಿ ಸಿಮೆಂಟ್ ಹಪ್ಪಳದಂತೆ ಕಳಚಿಕೊಳ್ಳುತ್ತದೆ.

ಕೊನೆಯ ಬಾಬ್ತು ಕಾಯಂ ನಿಧಿ. ರಿಪೇರಿಗೆ ಕೊಡುವವರು ನೂರು ಜನ, ಕಸ ಗುಡಿಸಲು ಕೊಡುವವರು ಯಾರೂ ಇಲ್ಲ. 10 ಲಕ್ಷ ಠೇವಣಿಯಿಟ್ಟು ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 70,000. ಬೇಸಿಗೆಯಲ್ಲಿ ಹೆಂಚು ಕೈಯಾಡಿಸಲು, ಮಳೆಗೆ ಮೊದಲು ಗೋಡೆಗೆ ಸೋಗೆ ತಟ್ಟಿ ಕಟ್ಟಲು ಅದರಲ್ಲೇ ಹೊಂದಿಸಬೇಕು. ಮಕ್ಕಳಿಗೆ ಮನೆ ತೋರಿಸುವವರ ಸಂಬಳವನ್ನು ಮಾತ್ರ ಮೊದಲ ಅರ್ಜಿಯಲ್ಲೇ, ಕನಿಷ್ಠ ಮೂರು ವರ್ಷಕ್ಕೆ ಕೇಳಿಬಿಡಿ.